ಹಳ್ಳದ ದಂಡೆಯ ಕೇದಗೆಯನ್ನು ಕಡಿಯಬೇಡಿ



ಮುಂಗಾರು ಹಿಡಿಯುವುದಕ್ಕೆ ಮುಂಚೆ, ಮೇ ತಿಂಗಳ ಕೊನೆಯ ಹೊತ್ತಿಗೆ, ಮಲೆನಾಡಿನ ಅಥವಾ ಕರಾವಳಿಯ ಯಾವುದಾದರೊಂದು ಹಳ್ಳದ ಪಕ್ಕದಲ್ಲಿ ನಡೆದುಹೋದರೆ ಈಗ ಒಂದು ನೋಟ ತಪ್ಪದೆ ಕಣ್ಣಿಗೆ ಬೀಳುತ್ತದೆ. ಎರಡೂ ದಂಡೆಗಳನ್ನು ಯಂತ್ರದಿಂದ ಕೆರೆದು ಬೋಳು ಮಾಡಿರುತ್ತಾರೆ. ಕಿತ್ತ ಕೇದಗೆಯ ಪೊದೆಗಳನ್ನು ಒಂದೆಡೆ ರಾಶಿ ಹಾಕಿ ಬೆಂಕಿ ಕೊಟ್ಟಿರುತ್ತಾರೆ. ಕೇಳಿದರೆ, "ಹಳ್ಳ ಚೊಕ್ಕಟ ಮಾಡಿಸಿದೆವು, ಜಾಗವೂ ಸಿಕ್ಕಿತು, ಹಾವಿನ ಕಾಟವೂ ತಪ್ಪಿತು" ಎನ್ನುತ್ತಾರೆ. ಯಂತ್ರ ಇಲ್ಲದ ಕಡೆ ಕಳೆನಾಶಕ ಹೊಡೆದು ಒಣಗಿಸಿರುತ್ತಾರೆ.

ಈ ಲೇಖನವನ್ನು ಬರೆಯುತ್ತಿರುವುದು ಆ ಕೆಲಸ ಬೇಡವೆಂದು ನಿಮ್ಮನ್ನು ಕೇಳಿಕೊಳ್ಳುವುದಕ್ಕಾಗಿ. ಆದರೆ ಅದಕ್ಕೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ನಾನು ಕೊಟ್ಟ ಸಲಹೆ

ಸುಮಾರು 35 ವರ್ಷಗಳ ಹಿಂದೆ, ವಿಸ್ತರಣಾ ಕೆಲಸಕ್ಕೆ ಹೊಸದಾಗಿ ಸೇರಿದ್ದಾಗ, ಮಲೆನಾಡಿನ ಒಂದು ಹಳ್ಳಿಯಲ್ಲಿ ಹಿರಿಯ ಅಡಿಕೆ ಬೆಳೆಗಾರರೊಬ್ಬರ ತೋಟಕ್ಕೆ ಹೋಗಿದ್ದೆ. ತೋಟದ ಕೆಳಗೆ ಹಳ್ಳ, ಹಳ್ಳದ ದಂಡೆಗೆ ಆಳೆತ್ತರ ಮೀರಿದ ಕೇದಗೆಯ ಸಾಲು. ನಾನು ಓದಿ ಬಂದ ಹುರುಪಿನಲ್ಲಿ, "ಈ ಪೊದೆಯಿಂದ ನಿಮಗೇನು ಲಾಭ? ಸವರಿಸಿದರೆ ಇನ್ನೊಂದು ಸಾಲು ಅಡಿಕೆ ಕೂರುತ್ತದೆ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಹೋದರೆ ಹಳ್ಳ ತೋಟಕ್ಕೆ ಬರುತ್ತದೆ, ಸ್ವಾಮಿ" ಎಂದರು. ನಾನು ನಕ್ಕೆ. ಎರಡು ವರ್ಷಗಳ ಮೇಲೆ ಅವರ ಮಗ ನನ್ನ ಮಾತನ್ನೇ ಹಿಡಿದು ಪೊದೆ ತೆಗೆಸಿ ಅಡಿಕೆ ಸಸಿ ನೆಟ್ಟರು. ಗಿಡ ಚೆನ್ನಾಗಿಯೇ ಬಂದವು. ನನಗೂ ಹೆಮ್ಮೆಯಾಯಿತು.

2019ರ ಆಗಸ್ಟಿನಲ್ಲಿ ಮಲೆನಾಡು ಮತ್ತು ಪಶ್ಚಿಮ ಘಟ್ಟದ ತಪ್ಪಲಿನಲ್ಲಿ ಬಿದ್ದ ಮಳೆ ನಿಮಗೆಲ್ಲ ನೆನಪಿರಬಹುದು. ಅದರ ಹಿಂದಿನ ವರ್ಷ, 2018ರ ಆಗಸ್ಟಿನಲ್ಲಿ, ಕೊಡಗಿನಲ್ಲಿ ಗುಡ್ಡ ಕುಸಿದು ಗದ್ದೆ ತೋಟಗಳ ಮೇಲೆ ಮಣ್ಣು ಮರಳು ಹರಡಿತ್ತು. 2019ರ ಮಳೆ ನಿಂತ ಮೇಲೆ ನಾನು ಆ ತೋಟಕ್ಕೆ ಮತ್ತೆ ಹೋದೆ. ಹಿರಿಯರು ತೀರಿಕೊಂಡಿದ್ದರು. ಮಗ ನನ್ನನ್ನು ಕೆಳಗಿನ ಸಾಲಿಗೆ ಕರೆದುಕೊಂಡು ಹೋದರು. ಅಲ್ಲಿ ಸಾಲು ಇರಲಿಲ್ಲ. ಹೊಸದಾಗಿ ನೆಟ್ಟ ಸಾಲೂ ಇಲ್ಲ, ಅದರ ಹಿಂದಿದ್ದ ಅಪ್ಪನ ಕಾಲದ ಸಾಲೂ ಇಲ್ಲ. ನೆಟ್ಟಗೆ ಕತ್ತರಿಸಿದಂತೆ ದಂಡೆ ನಿಂತಿತ್ತು. ಕೆಳಗೆ ಹಳ್ಳ ಹರಿಯುತ್ತಿತ್ತು. "ಅಪ್ಪ ಹೇಳಿದ್ದು ನಿಮಗೆ ನೆನಪಿದೆಯಾ ಸಾರ್?" ಎಂದು ಮಾತ್ರ ಕೇಳಿದರು. ಬೇರೇನೂ ಅನ್ನಲಿಲ್ಲ.

ಅದೇ ಹಳ್ಳದ ಮೇಲ್ಗಡೆ, ನೆರೆಯವರ ಜಾಗದಲ್ಲಿ, ಕೇದಗೆ ಇನ್ನೂ ಉಳಿದಿತ್ತು. ಅಲ್ಲಿಯೂ ನೀರು ಉಕ್ಕಿತ್ತು, ಪೊದೆಗಳು ಮಲಗಿದ್ದವು, ಎಲೆಯಲ್ಲೆಲ್ಲ ಕಸಕಡ್ಡಿ ಸಿಕ್ಕಿಕೊಂಡಿತ್ತು. ಆದರೆ ಬುಡದ ಮಣ್ಣು ಬುಡದಲ್ಲೇ ಇತ್ತು. ಒಂದು ಹಳ್ಳವನ್ನು ನೋಡಿ ಶಾಸ್ತ್ರ ಬರೆಯಬಾರದು ನಿಜ. ಆದರೆ ಆ ಹಿರಿಯರ ಮಾತಿಗೆ ಕಾರಣ ಏನಿದ್ದೀತೆಂದು ಯೋಚಿಸದೆ ನಕ್ಕದ್ದು ನನ್ನ ತಪ್ಪು. ಬೇಲಿ ಎದ್ದು ಹೊಲ ಮೇಯಿತೆಂಬ ಗಾದೆ ಕೇಳಿದ್ದೇವೆ. ಇಲ್ಲಿ ನಾವು ಹೊಲವನ್ನು ಎಬ್ಬಿಸಿ ಬೇಲಿಯನ್ನು ಮೇಯಿಸಿದೆವು.

ಕೇದಗೆಯ ಪರಿಚಯ

ಕೇದಗೆ ನಮ್ಮ ನೆಲದ್ದೇ ಗಿಡ. ಕೇದಿಗೆ, ತಾಳೆಹೂ ಎಂದೂ ಕರೆಯುತ್ತಾರೆ; ಸಂಸ್ಕೃತದ ಕೇತಕಿ, ಹಿಂದಿಯ ಕೇವಡಾ ಇದೇ. ಸಸ್ಯಶಾಸ್ತ್ರದಲ್ಲಿ ಈಗಿನ ಹೆಸರು ಪಾಂಡಾನಸ್ ಒಡೊರಿಫರ್. ಹಳೆಯ ಪುಸ್ತಕಗಳಲ್ಲಿ ಪಾಂಡಾನಸ್ ಒಡೊರಾಟಿಸ್ಸಿಮಸ್ ಎಂದಿರುತ್ತದೆ. ಕಡಲ ತೀರದ ಮರಳಿನಿಂದ ಹಿಡಿದು ಹಳ್ಳ, ತೊರೆ, ಕಾಲುವೆಗಳ ದಂಡೆಯವರೆಗೆ, ತೇವ ಇರುವಲ್ಲೆಲ್ಲ ಬಹುವರ್ಷಗಳ ಕಾಲ ಬೆಳೆದು ನಿಲ್ಲುತ್ತದೆ. ಉಪ್ಪು ನೀರಿನ ಗಾಳಿಯನ್ನೂ ತಾಳುತ್ತದೆ.

ಎಲೆ ಉದ್ದ, ಕತ್ತಿಯಂತೆ. ಎರಡು ಅಂಚಿನಲ್ಲಿಯೂ ಅಡಿಯ ನಡುನರದ ಮೇಲೂ ಮುಳ್ಳು. ಎಲೆಗಳು ಕಾಂಡದ ಸುತ್ತ ತಿರುಪಿನ ಹಾಗೆ ಸುತ್ತಿಕೊಂಡು ಮೂರು ಸಾಲಾಗಿ ಕೂರುತ್ತವೆ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ ಎಂಬುದು ಅನೇಕರಿಗೆ ತಿಳಿದಿಲ್ಲ. ಮುಡಿಯುವ, ಪೂಜೆಗೆ ಏರಿಸುವ ಘಮಘಮ ಹೂವು ಗಂಡು ಗಿಡದ್ದು. ಅದರಲ್ಲಿಯೂ ನಾವು ದಳ ಎನ್ನುವ ಕೆನೆ ಬಣ್ಣದ ಭಾಗ ಹೂವಿನ ದಳವಲ್ಲ. ಹೂಗೊಂಚಲನ್ನು ಮುಚ್ಚಿರುವ ಹೊದಿಕೆಯ ಎಲೆ. ಹೆಣ್ಣು ಗಿಡ ಅನಾನಸಿನಂಥ ಕಾಯಿ ಬಿಡುತ್ತದೆ. "ನಮ್ಮ ಕೇದಗೆ ಹೂವೇ ಬಿಡುವುದಿಲ್ಲ, ಬಂಜೆ" ಎಂದು ಕಡಿಸಿದವರನ್ನು ನಾನು ಕಂಡಿದ್ದೇನೆ. ಅದು ಬಂಜೆಯಲ್ಲ, ಹೆಣ್ಣು ಗಿಡ.

ದಂಡೆಯನ್ನು ಹೇಗೆ ಹಿಡಿಯುತ್ತದೆ?

ಕೇದಗೆಯ ಬುಡವನ್ನು ಒಮ್ಮೆ ಬಗ್ಗಿ ನೋಡಿ. ಕಾಂಡದಿಂದ ಕೋಲಿನಷ್ಟು ದಪ್ಪದ ಬಿಳಲು ಬೇರುಗಳು ಓರೆಯಾಗಿ ಇಳಿದು ನೆಲಕ್ಕೆ ಊರಿಕೊಂಡಿರುತ್ತವೆ, ಚಪ್ಪರಕ್ಕೆ ಗೂಟ ಕೊಟ್ಟ ಹಾಗೆ. ನೆಲ ಮುಟ್ಟಿದ ಮೇಲೆ ಅವು ಒಡೆದು ಸಣ್ಣ ಬೇರುಗಳ ಬಲೆಯಾಗಿ ಹರಡುತ್ತವೆ. ಕೊಂಬೆ ಬಾಗಿ ನೆಲಕ್ಕೆ ತಾಗಿದ ಕಡೆ ಮತ್ತೆ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಹೀಗಾಗಿ ಕೆಲವು ವರ್ಷಗಳಲ್ಲಿ ಒಂದು ಗಿಡ ಒಂದು ಪೊದೆಯಾಗಿ, ಪೊದೆ ಸಾಲಾಗಿ ಬೆಳೆಯುತ್ತದೆ.

ಇನ್ನು ನೀರಿನ ಗುಣವನ್ನು ಗಮನಿಸಿ. ನೀರಿನ ವೇಗ ಇಮ್ಮಡಿಯಾದರೆ ಅದು ತಳ್ಳುವ ಬಲ ಸುಮಾರು ನಾಲ್ಮಡಿಯಾಗುತ್ತದೆ. ಬೋಳು ದಂಡೆಯಲ್ಲಿ ನೀರಿಗೆ ತಡೆ ಇಲ್ಲ, ವೇಗ ಏರುತ್ತದೆ, ದಂಡೆಯ ಬುಡವನ್ನು ಮೊದಲು ಕೊರೆಯುತ್ತದೆ. ಬುಡ ಹೋದ ಮೇಲೆ ಮೇಲಿನ ಮಣ್ಣು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ನೆರೆ ಇಳಿದ ಮೇಲೆ, ಬಿಸಿಲು ಬಂದ ದಿನ, "ಮಳೆ ಇಲ್ಲದಾಗ ದಂಡೆ ಬಿತ್ತು" ಎಂದು ಆಶ್ಚರ್ಯಪಡುವುದು ಇದರಿಂದಲೇ. ಕೇದಗೆಯ ಬಿಳಲುಗಳ ನಡುವೆ ನುಗ್ಗಿದ ನೀರು ಚೂರುಚೂರಾಗಿ ಒಡೆದು ನಿಧಾನವಾಗುತ್ತದೆ. ನಿಧಾನವಾದ ನೀರು ತಾನು ಹೊತ್ತು ತಂದ ಗೋಡು ಮಣ್ಣನ್ನು ಅಲ್ಲಿಯೇ ಇಳಿಸುತ್ತದೆ. ಹಾಗಾಗಿ ಒಳ್ಳೆಯ ಕೇದಗೆ ಸಾಲಿನ ಬುಡದಲ್ಲಿ ಮಣ್ಣು ಕರಗುವುದಕ್ಕೆ ಬದಲು ಕೂಡುವುದನ್ನೂ ಕಾಣಬಹುದು.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಕೇದಗೆಯ ಬೇರು ಹರಡುವ ಬೇರು. ಮರದ ತಾಯಿಬೇರಿನಂತೆ ಬಹಳ ಆಳಕ್ಕೆ ಇಳಿಯುವುದಲ್ಲ. ದೊಡ್ಡ ಹೊಳೆ ಸೊಕ್ಕಿ ಬಂದಾಗ, ಗುಡ್ಡವೇ ಜಾರಿದಾಗ, ಇದೊಂದೇ ಕಾಪಾಡುತ್ತದೆ ಎಂದು ನಾನು ಹೇಳಲಾರೆ. ದಂಡೆಯ ಕೆಳಭಾಗಕ್ಕೆ ಕೇದಗೆ, ಮೇಲ್ಭಾಗಕ್ಕೆ ಹೊಂಗೆ, ಹೊಳೆಮತ್ತಿ, ನೇರಳೆಯಂಥ ಮರ, ನಡುವಿನ ಇಳಿಜಾರಿಗೆ ಲಾವಂಚ, ಹೀಗೆ ಮೂರೂ ಕೂಡಿದಾಗ ಹಿಡಿತ ಬಲವಾಗುತ್ತದೆ. ನಮ್ಮ ಹಳ್ಳಗಳ ದಂಡೆಯಲ್ಲಿ ಮೊದಲಿದ್ದದ್ದೂ ಹೆಚ್ಚುಕಡಿಮೆ ಇಂಥದೇ ಕೂಟ.

ಗುಂಟೆಯ ಲೆಕ್ಕ

ಜಾಗ ಸಿಗುತ್ತದೆಂಬ ಆಸೆಯೇ ಕೇದಗೆಗೆ ಶತ್ರು. ಆದ್ದರಿಂದ ಲೆಕ್ಕವನ್ನೇ ಹಾಕೋಣ.

ನಿಮ್ಮ ತೋಟಕ್ಕೆ 330 ಅಡಿ ಉದ್ದದ ಹಳ್ಳದ ದಂಡೆ ಇದೆ ಎಂದುಕೊಳ್ಳಿ. ಅದರುದ್ದಕ್ಕೂ 6 ಅಡಿ ಅಗಲಕ್ಕೆ ಕೇದಗೆ ಬಿಟ್ಟರೆ 1980 ಚದರಡಿ, ಅಂದರೆ ಎರಡು ಗುಂಟೆಗೆ ಸ್ವಲ್ಪ ಕಡಿಮೆ ಜಾಗ ಹೋಗುತ್ತದೆ. ಇದು ನಿಜವಾದ ಖರ್ಚು, ಇಲ್ಲವೆನ್ನುವುದಿಲ್ಲ. ಆದರೆ ಅದೇ ದಂಡೆ ಬೋಳಾಗಿ, ಮಳೆಗೆ 3 ಅಡಿ 4 ಅಂಗುಲದಷ್ಟು ಒಳಕ್ಕೆ ಸರಿಯಿತೆನ್ನಿ. ಹೋದದ್ದು ಒಂದು ಗುಂಟೆ. ಒಂಬತ್ತು ಅಡಿ ಅಂತರದ ಅಡಿಕೆಯಾದರೆ ಒಂದು ಗುಂಟೆಗೆ 13 ಮರ. ಅಷ್ಟು ಸರಿತ ಎರಡು ಬಾರಿ ಆದರೆ ಉಳಿಸಿದ ಜಾಗವೆಲ್ಲ ಹೋಯಿತು. ಮೂರನೆಯ ಬಾರಿಗೆ ನಿಮ್ಮ ಹಳೆಯ ತೋಟದಿಂದ ಹೋಗುತ್ತದೆ.

ಕೇದಗೆಗೆ ಬಿಟ್ಟ ಜಾಗ ನಿಮ್ಮ ಹೆಸರಿನಲ್ಲಿಯೇ ಇರುತ್ತದೆ. ಬೇಕೆಂದಾಗ ಮುಟ್ಟಿ ನೋಡಬಹುದು. ಹಳ್ಳ ತೆಗೆದುಕೊಂಡ ಜಾಗ ಪಹಣಿಯಲ್ಲಿ ಮಾತ್ರ ಉಳಿಯುತ್ತದೆ. ಮೇಲ್ಮಣ್ಣು ಕೆಳಗಿನವರ ಗದ್ದೆಯಲ್ಲೋ ಕಟ್ಟೆಯ ಹೂಳಿನಲ್ಲೋ ಸೇರಿಹೋಗಿರುತ್ತದೆ. ಮತ್ತೆ ಮಣ್ಣು ತುಂಬಿಸಿ ಸಸಿ ನೆಟ್ಟರೂ ಫಸಲು ಕಾಣುವುದಕ್ಕೆ ಐದಾರು ವರ್ಷ ಬೇಕು.

ಇನ್ನೊಂದು ವಿಷಯ. ಅನೇಕ ಕಡೆ ಹಳ್ಳ ಮತ್ತು ಅದರ ಅಂಚು ಪಹಣಿಯಲ್ಲಿ ಬಿ ಖರಾಬು ಎಂದಿರುತ್ತದೆ. ಅಂಥ ಜಾಗ ಸಾರ್ವಜನಿಕರದು. ಅಲ್ಲಿನ ಪೊದೆ ಕಿತ್ತು ಅಡಿಕೆ ನೆಟ್ಟವರು ಮಣ್ಣನ್ನೂ ಕಳೆದುಕೊಂಡು, ಹಕ್ಕೂ ಇಲ್ಲದೆ, ಪರಿಹಾರವೂ ಸಿಗದೆ ಕೂರಬೇಕಾದೀತು.

ನೀವು ಕೇಳುವ ಪ್ರಶ್ನೆಗಳು

"ಕೇದಗೆ ಇದ್ದಲ್ಲಿ ಹಾವು ಇರುತ್ತದೆಯಲ್ಲ?" ಇದು ಎಲ್ಲರೂ ಕೇಳುವ ಮಾತು. ಹಾವು ಹೂವಿನ ಪರಿಮಳಕ್ಕೆ ಮರುಳಾಗಿ ಬರುವುದಿಲ್ಲ. ತಂಪು, ನೆರಳು, ಅಡಗುವ ಜಾಗ, ಮುಖ್ಯವಾಗಿ ತಿನ್ನಲು ಕಪ್ಪೆ ಮತ್ತು ಇಲಿ ಇದ್ದ ಕಡೆ ಬರುತ್ತದೆ. ಹಳ್ಳದ ದಂಡೆಯ ಯಾವ ದಟ್ಟ ಪೊದೆಯಲ್ಲಾದರೂ ಇದು ಸಹಜ. ತೋಟದ ಇಲಿ ಹೆಗ್ಗಣಗಳನ್ನು ತಿನ್ನುವುದೂ ಅದೇ ಹಾವು. ಹೆದರಿಕೆ ಸುಳ್ಳಲ್ಲ, ಅದಕ್ಕೆ ಎಚ್ಚರಿಕೆಯೇ ಉತ್ತರ. ಮನೆಯ ಅಂಗಳಕ್ಕೆ, ಮಕ್ಕಳು ಓಡಾಡುವ ದಾರಿಗೆ ಹತ್ತಿರ ಕೇದಗೆ ಬೇಡ. ಹೂವು ಕೀಳುವಾಗ ಕೈ ಹಾಕುವ ಬದಲು ದೋಟಿ ಬಳಸಿ, ಕಾಲಿಗೆ ಬೂಟು ಹಾಕಿ, ಮುಸ್ಸಂಜೆಯಲ್ಲಿ ಪೊದೆಗೆ ನುಗ್ಗಬೇಡಿ. ಅಕಸ್ಮಾತ್ ಹಾವು ಕಚ್ಚಿದರೆ ನಾಟಿ ಮದ್ದಿಗೆ ಹೊತ್ತು ಕಳೆಯದೆ, ವಿಷಕ್ಕೆ ಪ್ರತಿಯಾದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ನೇರವಾಗಿ ಹೋಗತಕ್ಕದ್ದು.

"ಪೊದೆ ಬೆಳೆದು ಹಳ್ಳವನ್ನೇ ಮುಚ್ಚಿದರೆ?" ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಕಿರಿದಾದ ಹಳ್ಳದಲ್ಲಿ ಎರಡೂ ಕಡೆಯಿಂದ ಬಾಗಿ ನಡುನೀರಿಗೆ ಬಂದ ಕೊಂಬೆಗಳಿಗೆ ಮರದ ದಿಮ್ಮಿ ಸಿಕ್ಕಿ ನೀರು ಕಟ್ಟಬಹುದು. ಅದಕ್ಕಾಗಿ ಬೇಸಗೆಯಲ್ಲಿ ಒಮ್ಮೆ ನೀರಿನ ಕಡೆ ಬಾಗಿದ ಕೊಂಬೆಗಳನ್ನು ಸವರಬೇಕು. ಸವರುವುದು ಬೇರೆ, ಬುಡಸಹಿತ ಕೀಳುವುದು ಬೇರೆ. ತಲೆಕೂದಲು ಕತ್ತರಿಸುವುದಕ್ಕೆ ತಲೆಯನ್ನೇ ತೆಗೆಯುವುದಿಲ್ಲವಷ್ಟೆ.

"ಕಲ್ಲಿನ ತಡೆಗೋಡೆ ಕಟ್ಟಿಸಿದರೆ ಒಳ್ಳೆಯದಲ್ಲವೆ?" ಸೇತುವೆ, ಪಂಪುಮನೆ, ಮನೆ ಇರುವ ಕಡೆ ಗೋಡೆ ಬೇಕಾಗಬಹುದು. ಆದರೆ ಗೋಡೆಗೆ ಬಡಿದ ನೀರು ಶಾಂತವಾಗುವುದಿಲ್ಲ. ಎದುರು ದಂಡೆಗೋ ಗೋಡೆ ಮುಗಿದ ಜಾಗಕ್ಕೋ ಹೋಗಿ ಬಡಿಯುತ್ತದೆ. ನಿಮ್ಮ ತೋಟ ಉಳಿದು ನೆರೆಯವರ ಗದ್ದೆ ಹೋದರೆ ಅದು ರಕ್ಷಣೆಯಲ್ಲ, ಜಗಳ. ಖರ್ಚಿನ ಮಾತು ಬೇರೆ ಹೇಳಬೇಕಾಗಿಲ್ಲ.

"ಕಳೆನಾಶಕ ಹೊಡೆದರೆ ಬೇರು ಉಳಿಯುತ್ತದಲ್ಲ?" ಉಳಿಯುವುದು ಸತ್ತ ಬೇರು. ಅದು ಕೊಳೆತ ಮೇಲೆ ಮಣ್ಣು ಹಿಡಿಯುವವರು ಯಾರು? ಅದಲ್ಲದೆ ಹಳ್ಳದ ಅಂಚಿನಲ್ಲಿ ಹೊಡೆದ ಔಷಧಿ ನೀರಿಗೆ ಸೇರುತ್ತದೆ. ಕೆಳಗೆ ಯಾರದೋ ದನ ಆ ನೀರು ಕುಡಿಯುತ್ತದೆ, ಯಾರದೋ ಮನೆಯವರು ಬಟ್ಟೆ ಒಗೆಯುತ್ತಾರೆ. ಬಿಳಲುಗಳ ನೆರಳಿನಲ್ಲಿ ಮರಿ ಮಾಡುವ ಮೀನು, ಏಡಿ, ಕಪ್ಪೆ, ಹುಂಡುಕೋಳಿಗಳ ಪಾಡನ್ನೂ ನೆನೆಯಬೇಕು.

ಹೂವು, ಎಲೆ, ಹಬ್ಬ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಂತೆ, ಕೇದಗೆಯ ಉಪಯೋಗವನ್ನೂ ನಾವು ಮರೆಯುತ್ತಿದ್ದೇವೆ. ಮಳೆಗಾಲದಲ್ಲಿ ಅರಳುವ ಈ ಹೂವು ನಾಗರಪಂಚಮಿಗೆ ತುಳುನಾಡಿನಲ್ಲಿ ನಾಗನಿಗೆ ಬೇಕು. ಸುಳ್ಳು ಸಾಕ್ಷಿ ಹೇಳಿದ ಕಥೆಯಿಂದಾಗಿ ಶಿವಪೂಜೆಗೆ ಇದು ಸಲ್ಲದೆಂದು ಪುರಾಣ. ಆದರೆ ಹೆಣ್ಣುಮಕ್ಕಳ ಜಡೆಗೆ ಯಾವ ಶಾಪವೂ ತಟ್ಟಲಿಲ್ಲ. ಸೀರೆಯ ಪೆಟ್ಟಿಗೆಯಲ್ಲಿ ಕೇದಗೆಯ ಎಸಳು ಇಟ್ಟ ಅಜ್ಜಿಯಂದಿರನ್ನು ಕಂಡವರು ಇನ್ನೂ ಇದ್ದಾರೆ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಎಳೆಯ ವೀರರು ಕಟ್ಟುವ ಕೇದಗೆ ಮುಂದಲೆಗೆ ಹೆಸರು ಬಂದದ್ದು ಈ ಹೂವಿನಿಂದ. ಕೇದಗೆ ಮತ್ತು ಅದರ ಒಡಹುಟ್ಟಾದ ಮುಂಡೇವಿನ ಎಲೆಯ ಮುಳ್ಳು ತೆಗೆದು, ಕೆಂಡಕ್ಕೆ ಬಾಡಿಸಿ, ಸುರುಳಿ ಸುತ್ತಿ ಮಾಡಿದ ಕೊಟ್ಟೆಯಲ್ಲಿ ಬೇಯಿಸಿದ ಮೂಡೆ ಇಲ್ಲದೆ ಕರಾವಳಿಯಲ್ಲಿ ಅಷ್ಟಮಿಯ ಅಡಿಗೆ ಪೂರ್ತಿಯಾಗುವುದಿಲ್ಲ. ಇದೇ ಎಲೆಯಿಂದ ಚಾಪೆಯನ್ನೂ ಹೆಣೆಯುತ್ತಿದ್ದರು.

ಒಡಿಶಾದ ಗಂಜಾಂ ಜಿಲ್ಲೆಯಲ್ಲಿ ಕೇದಗೆ ಒಂದು ಕಸುಬೇ ಆಗಿದೆ. ನಮ್ಮ ಶ್ರೀರಂಗಪಟ್ಟಣದ ಗಂಜಾಂ ಅಂಜೂರಕ್ಕೆ ಹೆಸರಾದಂತೆ, ಆ ಗಂಜಾಂ ಕೇವಡಾಕ್ಕೆ ಹೆಸರು. ಅಲ್ಲಿ ಗಂಡು ಹೂವನ್ನು ತಾಮ್ರದ ಪಾತ್ರೆಗಳಲ್ಲಿ ಬಟ್ಟಿ ಇಳಿಸಿ ಕೇವಡಾ ನೀರು ಮತ್ತು ಅತ್ತರು ತೆಗೆಯುತ್ತಾರೆ. ಬಿರಿಯಾನಿಗೂ ಸಿಹಿತಿಂಡಿಗೂ ಸೇರುವುದು ಇದೇ. ಆದರೆ ಹೂವಿನ ಪರಿಮಳ ಬಹಳ ಹೊತ್ತು ನಿಲ್ಲುವುದಿಲ್ಲವಾದ್ದರಿಂದ ಬಟ್ಟಿ ಹೊಲದ ಹತ್ತಿರವೇ ಇರಬೇಕಾಗುತ್ತದೆ. ಆದುದರಿಂದ ಕೇದಗೆ ನೆಟ್ಟು ಶ್ರೀಮಂತರಾಗಿ ಎಂದು ನಾನು ನಿಮ್ಮನ್ನು ಹುರಿದುಂಬಿಸುವುದಿಲ್ಲ. ಹತ್ತಿರದ ಪೇಟೆಯಲ್ಲಿ ಹಬ್ಬದ ಹೊತ್ತಿಗೆ ಹೂವು, ಎಲೆ, ಹೆಣೆದ ಕೊಟ್ಟೆ ಮಾರಿ ಮನೆಯ ಹೆಂಗಸರ ಕೈಗೆ ನಾಲ್ಕು ಕಾಸು ಬಂದರೆ ಅದು ಮೇಲಿನ ಲಾಭ. ಮಣ್ಣು ಉಳಿದದ್ದೇ ಅಸಲು.

ನೆಡುವ ಕ್ರಮ

ಇದ್ದ ಪೊದೆಯನ್ನು ಉಳಿಸುವುದು ಮೊದಲ ಕೆಲಸ. ಈಗಾಗಲೇ ಬೋಳಾಗಿರುವ ದಂಡೆಗೆ ಹೀಗೆ ಮಾಡಬಹುದು.

ಬುಡದ ಹಿಳ್ಳುಗಳನ್ನು ಅಥವಾ ಬಿಳಲು ಬೇರಿರುವ ಕೊಂಬೆಯ ತುದಿಗಳನ್ನು ಒಂದೂವರೆಯಿಂದ ಎರಡು ಮೊಳ ಉದ್ದಕ್ಕೆ ಕತ್ತರಿಸಿ ತೆಗೆಯಿರಿ. ಹೂವು ಬೇಕಾದಲ್ಲಿ ಹೂವು ಬಿಡುವುದನ್ನು ಕಣ್ಣಾರೆ ಕಂಡ ಗಂಡು ಪೊದೆಯಿಂದಲೇ ತೆಗೆಯತಕ್ಕದ್ದು. ಹಿಳ್ಳು ತಾಯಿಗಿಡದ ಗುಣವನ್ನೇ ಪಡೆಯುತ್ತದೆ. ಎಲೆಗಳನ್ನು ಅರ್ಧಕ್ಕೆ ಕತ್ತರಿಸಿದರೆ ಬಾಡುವುದು ಕಡಿಮೆ. ಜೂನ್ ತಿಂಗಳಲ್ಲಿ ಮಳೆ ಹಿಡಿದು ನೆಲ ನೆನೆದ ಮೇಲೆ, ನೆರೆ ಬರುವುದಕ್ಕೆ ಮುಂಚೆ ನೆಡಬೇಕು. ನೀರಾವರಿ ಕಾಲುವೆಯ ಕಡೆಯವರು ಮಳೆ ಇಳಿಯುತ್ತಿರುವಾಗ ನೆಟ್ಟರೂ ನಡೆಯುತ್ತದೆ.

ಸಾಲಿನಲ್ಲಿ 6 ಅಡಿಗೊಂದರಂತೆ, ಎರಡು ಸಾಲನ್ನು ಒಂದರ ಸಂದಿಗೆ ಇನ್ನೊಂದು ಬರುವ ಹಾಗೆ ನೆಡಿರಿ. ಮೇಲೆ ಹೇಳಿದ 330 ಅಡಿಗೆ ಸುಮಾರು 110 ಹಿಳ್ಳು ಸಾಕು. ಹಳ್ಳ ತಿರುಗುವ ಕಡೆ ಹೊರಬಾಗಿಗೆ ನೀರು ಹೆಚ್ಚು ಬಡಿಯುತ್ತದೆ; ಅಲ್ಲಿಂದ ಆರಂಭಿಸಿ. ದಂಡೆ ಗೋಡೆಯಂತೆ ನೆಟ್ಟಗೆ ನಿಂತಿದ್ದರೆ ಮೊದಲು ಇಳಿಜಾರು ಮಾಡಿಕೊಳ್ಳದೆ ಏನು ನೆಟ್ಟರೂ ಬೀಳುತ್ತದೆ. ಮೊದಲ ಎರಡು ಮಳೆಗಾಲ ದನ ಮೇಕೆ ತುಳಿಯದಂತೆ ಮುಳ್ಳು ಹಾಕಿ ಕಾಯಿರಿ. ಸತ್ತಲ್ಲಿ ಮರುನಾಟಿ ಮಾಡಿ. ಆಮೇಲೆ ಗೊಬ್ಬರ, ಔಷಧಿ ಯಾವುದೂ ಬೇಡ. ಮೂರು ನಾಲ್ಕು ವರ್ಷದ ಹೊತ್ತಿಗೆ ಹೂವಿನ ಮುಖ ಕಾಣಬಹುದು.

ಅಡಿಕೆ ಸಾಲಿಗೂ ಕೇದಗೆಗೂ ನಡುವೆ ಓಡಾಡಲು ದಾರಿ ಇರಲಿ. ಬಸಿಗಾಲುವೆಗಳು ಹಳ್ಳಕ್ಕೆ ಸೇರುವ ಬಾಯಿಗಳನ್ನು ಪೊದೆ ಮುಚ್ಚದಂತೆ ಬಿಡಿಸಿಕೊಡಿ. ತೋಟದ ನೀರು ಬಸಿಯದೆ ನಿಂತರೆ ಬೇರೆ ರೋಗಕ್ಕೆ ದಾರಿಯಾಗುತ್ತದೆ.

ಒಬ್ಬರ ಕೆಲಸವಲ್ಲ

ಹಳ್ಳಕ್ಕೆ ಸರ್ವೆ ನಂಬರಿನ ಗಡಿ ಗೊತ್ತಿಲ್ಲ. ನೀವೊಬ್ಬರೇ ಕೇದಗೆ ಉಳಿಸಿ, ಮೇಲಿನವರು ಎರಡೂ ದಂಡೆ ಬೋಳು ಮಾಡಿದರೆ ನೀರು ನಿಮ್ಮ ಹತ್ತಿರ ಬರುವ ಹೊತ್ತಿಗೆ ವೇಗ ಹಿಡಿದಿರುತ್ತದೆ. ಆದುದರಿಂದ ಒಂದು ಹಳ್ಳದ ಎರಡೂ ದಂಡೆಯವರು ಬೇಸಗೆಯಲ್ಲಿ ಒಂದು ದಿನ ಕೂಡಿ, ಮೂಲದಿಂದ ಕೆಳಗಿನವರೆಗೆ ನಡೆದು ನೋಡಿ, ಎಲ್ಲಿ ಸವರಬೇಕು, ಎಲ್ಲಿ ನೆಡಬೇಕು ಎಂದು ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಖರಾಬು ಜಾಗವಾದರೆ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಕೊಟ್ಟು, ದಂಡೆಯ ನಾಟಿಯನ್ನು ಊರಿನ ಕಾಮಗಾರಿಯಾಗಿಯೇ ಕೇಳಬಹುದು. ಹಳ್ಳ ಚೊಕ್ಕಟ ಮಾಡಲೆಂದು ಯಂತ್ರ ಬಂದ ದಿನ ದಯವಿಟ್ಟು ನೀವೇ ಮುಂದೆ ನಿಂತು ದಂಡೆಯ ಪೊದೆ ಮುಟ್ಟದಂತೆ ಹೇಳಿರಿ. ಯಂತ್ರ ನಡೆಸುವವನಿಗೆ ಗಂಟೆಯ ಲೆಕ್ಕ ಗೊತ್ತು. ದಂಡೆಯ ಲೆಕ್ಕ ಗೊತ್ತಿರುವುದು ನಿಮಗೆ.

ಆ ಹಿರಿಯರ ಮಗ ಈಗ ಮತ್ತೆ ಕೇದಗೆ ನೆಟ್ಟಿದ್ದಾರೆ. ಹಿಳ್ಳುಗಳನ್ನು ತಂದದ್ದು ಮೇಲ್ಗಡೆಯ ನೆರೆಯವರ ಪೊದೆಯಿಂದ. ಹಳೆಯ ದಂಡೆ ಇದ್ದ ಜಾಗದಲ್ಲಲ್ಲ. ಅಲ್ಲಿ ಈಗ ಹಳ್ಳವಿದೆ. ಎರಡು ಸಾಲು ಒಳಗೆ, ಅಪ್ಪ ಬೆಳೆಸಿದ ಅಡಿಕೆ ಮರಗಳ ಬುಡದ ಹತ್ತಿರ. ನಾನು ಹೋದಾಗ ಒಂದು ಹಿಳ್ಳನ್ನು ನನ್ನ ಕೈಯಿಂದಲೇ ನೆಡಿಸಿದರು.

ನಿಮ್ಮ ದಂಡೆಯಲ್ಲಿ ಕೇದಗೆ ಇನ್ನೂ ನಿಂತಿದ್ದರೆ ನಿಮಗೆ ಇಷ್ಟು ಕಷ್ಟವಿಲ್ಲ. ಕತ್ತಿಯನ್ನು ಕೆಳಗಿಟ್ಟರೆ ಸಾಕು.